ಗಣಕಯಂತ್ರಕ್ಕೆ ಹಾರ್ಡ್ ಡಿಸ್ಕ್ ಜೋಡಣೆ: ಸುರಕ್ಷತಾ ಪಾಠ

ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಕಚೇರಿಗಳಲ್ಲಿ ಮಳೆಗಾಲದ ತೇವಾಂಶ ಮತ್ತು ವಿದ್ಯುತ್ ವ್ಯತ್ಯಯಗಳೆರಡೂ ಗಣಕಯಂತ್ರಕ್ಕೆ ಹಾನಿಕರ. ಹುಲಿಕಲ್, ಆಗುಂಬೆಯಂತಹ ಅತಿವೃಷ್ಟಿಯ ಪ್ರದೇಶಗಳಲ್ಲಿ ಹೆಚ್ಚಿನ ಎಚ್ಚರಿಕೆ ಅವಶ್ಯ.

ಡಿಸ್ಕ್ ಬದಲಾಯಿಸುವ ಮುನ್ನ ದತ್ತಾಂಶದ ಪ್ರತಿಯನ್ನು ಬೇರೆಡೆ ಉಳಿಸಿ, ತೆರೆದು ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು. ಬಳಿಕ ಯಂತ್ರವನ್ನು ನಿಲ್ಲಿಸಿ, ಅದರ ವಿದ್ಯುತ್ ತಂತಿಯನ್ನು ಯುಪಿಎಸ್‌ನಿಂದ ಕಳಚತಕ್ಕದ್ದು. ಯುಪಿಎಸ್ ತನ್ನ ಬ್ಯಾಟರಿಯಿಂದ ವಿದ್ಯುತ್ ಪೂರೈಸುವುದರಿಂದ ಗೋಡೆಯ ಸ್ವಿಚ್ ಆರಿಸಿದರಷ್ಟೇ ಸಾಲದು.

ಪೆಟ್ಟಿಗೆಯ ಬಣ್ಣವಿಲ್ಲದ ಲೋಹಭಾಗವನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡು, ಡಿಸ್ಕನ್ನು ಅಂಚಿನಲ್ಲಿಯೇ ಹಿಡಿಯಬೇಕು. ಸಾಟಾ ಕನೆಕ್ಟರ್ ‘ಎಲ್’ ಆಕಾರದ್ದಾಗಿದ್ದು, ಒಂದೇ ದಿಕ್ಕಿನಲ್ಲಿ ಕೂರುತ್ತದೆ, ಬಲಪ್ರಯೋಗ ಸಲ್ಲದು. ಕಂಪನ ತಡೆಯಲು ಎರಡೂ ಬದಿಗಳಲ್ಲಿ ತಿರುಪು ಬಿಗಿಯಬೇಕು.

ತೆಗೆದ ಡಿಸ್ಕ್‌ನಲ್ಲಿ ಗ್ರಾಮಸ್ಥರ ಮಾಹಿತಿ ಉಳಿದಿರುತ್ತದೆ. ಅದನ್ನು ಪೂರ್ಣವಾಗಿ ಅಳಿಸದೆ ವಿಲೇವಾರಿ ಮಾಡತಕ್ಕದ್ದಲ್ಲ.