ಕ್ರೋಷ ಕಲಿಯುವ ಬಾಲಿಕೆಗೆ ಕಡ್ಡಿಯೂ ನೂಲೂ

ಮಿಷನ್ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದು ಬರಹಗಳೊಡನೆ ಕೈಗೆಲಸವನ್ನೂ ಕಲಿಸುವ ವಾಡಿಕೆಯು ಬಹು ಹಿಂದಿನಿಂದ ನಡೆದು ಬಂದದ್ದು. ಲಂಡನ್ ಮಿಷನ್ನಿನ ಮಾರ್ಥಾ ಮಾಲ್ಟ್ ಅಮ್ಮನವರು 1819ನೆಯ ಇಸವಿಯಲ್ಲಿ ನಾಗರಕೋಯಿಲಿಗೆ ಬಂದು, ಅಲ್ಲಿಯ ಬಾಲಿಕೆಯರಿಗೆ ದಿಂಬಿನ ಮೇಲೆ ಲೇಸು ನೇಯುವದನ್ನು ಕಲಿಸಿದರು. ಗೋದಾವರಿ ಸೀಮೆಯ ನರಸಾಪುರದ ಸುತ್ತಿನ ಹಳ್ಳಿಗಳಲ್ಲಿ ಮಿಷನೆರಿಗಳಿಂದ ಹಬ್ಬಿದ್ದು ಕ್ರೋಷವೇ. ಅದು ಇಂದಿಗೂ ಅಲ್ಲಿ ಸಾವಿರಾರು ಮನೆಗಳ ಹೆಂಗಸರ ಕೈಯಲ್ಲಿದೆ. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆಯ ಬೆಳೆ ಕೆಟ್ಟು ಘೋರ ಕ್ಷಾಮವು ಬಂದಾಗ, ಕಾರ್ಕ್ ಪಟ್ಟಣದ ಉರ್ಸುಲಾ ಸಭೆಯ ಕನ್ಯಾಸ್ತ್ರೀಯರು ಕಲಿಸಿದ ಈ ವಿದ್ಯೆಯಿಂದ ಎಷ್ಟೋ ಕುಟುಂಬಗಳು ಅನ್ನ ಕಂಡವು. ಬೇಕಾದದ್ದು ಒಂದು ಕೊಕ್ಕೆಯ ಕಡ್ಡಿ, ಒಂದು ಉಂಡೆ ನೂಲು, ಇಷ್ಟೇ. ಫ್ರೆಂಚ್ ಭಾಷೆಯಲ್ಲಿ ಆ ಹೆಸರಿಗೆ ಚಿಕ್ಕ ಕೊಕ್ಕೆಯೆಂದೇ ಅರ್ಥ.

ಇಷ್ಟು ಸುಲಭವಾದ ಸಾಮಾನುಗಳೆಂದೇ ಜನರು ಅವುಗಳ ಆಯ್ಕೆಯಲ್ಲಿ ಅಜಾಗ್ರತೆಯಿಂದಿರುತ್ತಾರೆ. ನಾನು ಹತ್ತು ವರುಷದವಳಾಗಿದ್ದಾಗ ಮನೆಯಲ್ಲಿ ಯಾರೋ ಹಿರಿಯರು ಮೇಜುಬಟ್ಟೆಗಾಗಿ ತಂದಿಟ್ಟಿದ್ದ 60ನೆಯ ನಂಬರಿನ ಬಿಳೀ ದಾರವನ್ನೂ ಕೂದಲಿನಷ್ಟು ಸಣ್ಣ ತುದಿಯ ಉಕ್ಕಿನ ಕಡ್ಡಿಯನ್ನೂ ನನ್ನ ಕೈಗೆ ಕೊಟ್ಟರು. ಒಂದು ವಾರದಲ್ಲಿ ದಾರವು ಬೆವರಿನಿಂದ ಕಪ್ಪಾಯಿತು. ಕುಣಿಕೆಗಳು ಕಣ್ಣಿಗೆ ಕಾಣಲೇ ಇಲ್ಲ. "ಈಕೆಗೆ ಕೈ ಬರುವದಿಲ್ಲ" ಎಂದರು. ನಾನೂ ಹಾಗೆಯೇ ನಂಬಿ ಮೂರು ವರುಷ ಕಡ್ಡಿಯನ್ನು ಮುಟ್ಟಲಿಲ್ಲ. ಆಮೇಲೆ ಗೊತ್ತಾಯಿತು, ತಪ್ಪು ಕೈಯದಲ್ಲ, ದಾರದ್ದೆಂದು. ತಾಯಂದಿರಾಗಿರುವ ಹಳೆಯ ವಿದ್ಯಾರ್ಥಿನಿಯರು ಈ ಲೇಖನವನ್ನು ಆ ಕಾರಣದಿಂದ ಓದಬೇಕೆಂದು ಕೋರುತ್ತೇನೆ.

ಮೊದಲು ನೂಲಿನ ಮಾತು. ದಾರದ ನಂಬರು ಹೆಚ್ಚಾದಷ್ಟು ದಾರವು ಸಣ್ಣದು. ಇದು ಅನೇಕರಿಗೆ ತಲೆಕೆಳಗಾಗಿ ತೋರುವದು. ಹತ್ತಿ ನೂಲನ್ನು ಎಣಿಸುವ ಹಳೆಯ ಇಂಗ್ಲಿಷ್ ಪದ್ಧತಿಯಲ್ಲಿ, 840 ಗಜದ ಲಡಿಗಳು ಒಂದು ಪೌಂಡಿಗೆ ಎಷ್ಟು ತೂಗುವವೋ ಅಷ್ಟೇ ಅದರ ನಂಬರು. ನೂಲು ಸಣ್ಣದಾದಷ್ಟೂ ಲಡಿಗಳು ಹೆಚ್ಚು ಬರುವವಷ್ಟೆ. ಕ್ರೋಷ ದಾರದ ನಂಬರಿಗೂ ಈ ವಾಡಿಕೆಯೇ ಮೂಲ. ಅಂಗಡಿಯಲ್ಲಿ 10, 20, 40, 60 ಎಂದು ದೊರೆಯುವವುಗಳಲ್ಲಿ 10ನೆಯದೇ ದಪ್ಪ. ಆದರೆ ಮೊದಲು ಕಲಿಯುವವಳಿಗೆ ಅದೂ ಸಣ್ಣದೇ ಆಯಿತು. ಆಕೆಗೆ ಸ್ವೆಟರು ಹೆಣೆಯುವ ದಪ್ಪದ, ನಾಲ್ಕೆಳೆಯ ಅಥವಾ ಅದಕ್ಕಿಂತ ತುಸು ಹೆಚ್ಚಿನ ನೂಲು ಸರಿ. ಅದು ನುಣುಪಾಗಿರಬೇಕು, ಚೆನ್ನಾಗಿ ಹುರಿಗೊಂಡಿರಬೇಕು. ತುದಿಯನ್ನು ಬೆರಳಲ್ಲಿ ಹೊಸೆದು ನೋಡಿರಿ. ಎಳೆಗಳು ಕೂಡಲೇ ಬೇರೆಬೇರೆಯಾದರೆ, ಕೊಕ್ಕೆಯು ಎಳೆಗಳ ನಡುವೆ ನುಗ್ಗಿ ಮಗುವನ್ನು ಕಾಡುವದು. ರೋಮ ರೋಮವಾಗಿ ಅಂದವಾಗಿರುವ ನೂಲು ಬೇಡವೇ ಬೇಡ. ಅದರಲ್ಲಿ ತಪ್ಪಾದ ಹೆಣಿಗೆಯನ್ನು ಬಿಚ್ಚುವದು ಬಹಳ ಕಷ್ಟ, ಕಲಿಯುವವಳಿಗೋ ಬಿಚ್ಚುವ ಕೆಲಸವೇ ಹೆಚ್ಚು. ಬಣ್ಣವು ತಿಳಿಯಾಗಿರಲಿ. ಮಕ್ಕಳು ಕಪ್ಪನ್ನೋ ನೇರಳೆಯನ್ನೋ ಕೇಳುವರು. ದೀಪದ ಬೆಳಕಿನಲ್ಲಿ ಆ ಬಣ್ಣಗಳಲ್ಲಿ ಕುಣಿಕೆಯನ್ನು ಹುಡುಕುವದು ದೊಡ್ಡವರಿಗೂ ಕಷ್ಟ. ಶುದ್ಧ ಬಿಳುಪು ಬೇಗ ಕೊಳೆಯಾಗುವದರಿಂದ ತಿಳಿಹಳದಿಯೋ ತಿಳಿನೀಲಿಯೋ ಉತ್ತಮ.

ಉಣ್ಣೆಯು ಹಿಗ್ಗುವ ಗುಣವುಳ್ಳದ್ದಾದ್ದರಿಂದ ಬಿಗಿಯಾದ ಕೈಯನ್ನೂ ಕ್ಷಮಿಸುವದು. ಆದರೆ ಅದರ ಬೆಲೆ ಹೆಚ್ಚು. ನಮ್ಮ ಬೆಂಗಳೂರಿನಲ್ಲಿ ಮಾರ್ಗಶಿರ ಪುಷ್ಯಗಳನ್ನು ಬಿಟ್ಟರೆ ಉಣ್ಣೆಯ ಬಟ್ಟೆಯನ್ನು ಧರಿಸುವವರಾರು? ಅಕ್ರಿಲಿಕ್ ನೂಲು ಅಗ್ಗ, ನೂರು ಸಲ ಬಿಚ್ಚಿ ಹೆಣೆದರೂ ತಡೆಯುವದು. ಬಿಸಿ ಇಸ್ತ್ರಿಯನ್ನು ಮಾತ್ರ ತಡೆಯದೆ ಕರಗಿ ಹೋಗುವದು. ಹತ್ತಿಯು ಹಿಗ್ಗದು, ಆದರೂ ಬಿಸಿನೀರಿನಲ್ಲಿ ಒಗೆಯಬಹುದು, ವರುಷಗಟ್ಟಲೆ ಬಾಳುವದು. ನನ್ನ ಅಭಿಪ್ರಾಯದಲ್ಲಿ ಮೊದಲಿನ ತಿಂಗಳು ಅಕ್ರಿಲಿಕ್, ಆಮೇಲೆ ದಪ್ಪ ಹತ್ತಿ. ಕಮರ್ಷಿಯಲ್ ಬೀದಿಯಲ್ಲಾಗಲಿ ಚಿಕ್ಕಪೇಟೆಯಲ್ಲಾಗಲಿ ಕೊಳ್ಳುವಾಗ ಚೀಟಿಯ ಮೇಲಿನ ಬಣ್ಣದ ಲಾಟ್ ನಂಬರನ್ನು ನೋಡಿಕೊಳ್ಳಿರಿ. ಒಂದೇ ಬಣ್ಣವೆಂದು ತಂದ ಎರಡು ಉಂಡೆಗಳು ಬೇರೆ ಬೇರೆ ಲಾಟಿನವಾದರೆ, ಹೆಣೆದು ಮುಗಿದ ಮೇಲೆ ಗೆರೆ ಎಳೆದಂತೆ ಕಾಣುವದು.

ಇನ್ನು ಕಡ್ಡಿ. ತುದಿಯ ಕೊಕ್ಕೆ, ಅದರ ಕೆಳಗೆ ಕೊರಳು, ಆಮೇಲೆ ಗುಂಡಾದ ಮೈ, ಹೆಬ್ಬೆರಳಿಡುವ ಚಪ್ಪಟೆ ಜಾಗ, ಕೊನೆಗೆ ಹಿಡಿ. ಕುಣಿಕೆಯ ಅಳತೆಯನ್ನು ನಿರ್ಣಯಿಸುವದು ಕೊಕ್ಕೆಯಲ್ಲ, ಆ ಗುಂಡಾದ ಮೈ. ಆದುದರಿಂದ ಕುಣಿಕೆಯನ್ನು ಕೊರಳಿನಲ್ಲಿಯೇ ಬಿಟ್ಟು ಹೆಣೆಯುವ ಹುಡುಗಿಯ ಕೆಲಸವು ಎಂದಿಗೂ ಬಿಗಿಯಾಗಿಯೇ ಇರುವದು. ಆರಂಭಕ್ಕೆ 4 ಮಿಲ್ಲಿಮೀಟರಿನ ಅಲ್ಯೂಮಿನಿಯಮ್ ಕಡ್ಡಿ ಯೋಗ್ಯ. 1940ರಲ್ಲಿ ವಿಮಾನದ ಕಾರ್ಖಾನೆ ಸ್ಥಾಪಿತವಾದ ಮೇಲೆ ನಮ್ಮ ವಿಮಾನಪುರದ ಮಕ್ಕಳಿಗೆ ಆ ಹಗುರವಾದ ಲೋಹವನ್ನು ಪರಿಚಯ ಮಾಡಿಕೊಡಬೇಕಾದದ್ದಿಲ್ಲ! ಮರದ ಕಡ್ಡಿ ಕೈಗೆ ಹಿತವಾದರೂ ನೂಲನ್ನು ಸ್ವಲ್ಪ ತಡೆಯುವದು, ಪ್ಲಾಸ್ಟಿಕ್ಕಿನದು ಬಗ್ಗುವದು. ಕೊಳ್ಳುವ ಮುಂಚೆ ಕೊಕ್ಕೆಯನ್ನು ರೇಷ್ಮೆ ಸೆರಗಿನ ಮೂಲೆಯ ಮೇಲೆ ಮೆಲ್ಲಗೆ ಎಳೆಯಿರಿ. ಸಿಕ್ಕಿಕೊಂಡರೆ ಒರಟೆಂದು ತಿಳಿದು ಬಿಡಿರಿ. ಆಮೇಲೆ ನೂಲನ್ನು ಕೊಕ್ಕೆಯ ಬಾಯಲ್ಲಿಟ್ಟು ನೋಡಿರಿ. ಅದು ಬಾಯಲ್ಲಿ ತುಂಬಿ ನಿಲ್ಲಬೇಕು, ಹೊರಗೆ ಉಬ್ಬಬಾರದು.

ನಂಬರುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಹಳೆಯ ಬ್ರಿಟಿಷ್ ಕಡ್ಡಿಗಳಲ್ಲಿ 14 ಎಂದರೆ 2 ಮಿಲ್ಲಿಮೀಟರು, 8 ಎಂದರೆ 4. ಅಮೇರಿಕದವರು ಅಕ್ಷರಗಳನ್ನಿಡುವರು, ಅವರ ಎಚ್ ಎಂಬುದು 5 ಮಿಲ್ಲಿಮೀಟರು. ಅಜ್ಜಿಯ ಪೆಟ್ಟಿಗೆಯಲ್ಲಿ ದೊರೆತ ಕಡ್ಡಿಯ ನಂಬರನ್ನು ನಂಬದೆ ಅಳತೆಪಟ್ಟಿಯನ್ನು ನಂಬಿರಿ. ಪುಸ್ತಕಗಳಲ್ಲಿಯೂ ಇದೇ ತೊಡಕು: ಬ್ರಿಟನ್ನಿನವರು ಡಬಲ್ ಎಂದು ಕರೆಯುವ ಹೆಣಿಗೆಯೇ ಅಮೇರಿಕದವರಿಗೆ ಸಿಂಗಲ್, ಇವರ ಟ್ರೆಬಲ್ ಅವರಿಗೆ ಡಬಲ್. ಪುಸ್ತಕವು ಯಾವ ದೇಶದ್ದೆಂದು ನೋಡದೆ ಆರಂಭಿಸಿದ ಟೋಪಿಯು ಬುಟ್ಟಿಯಾದೀತು.

ಕಡ್ಡಿಯೂ ನೂಲೂ ಸರಿಹೊಂದಿದವೆಂದು ತಿಳಿಯಲು ಇಪ್ಪತ್ತು ಸರಪಳಿ ಹಾಕಿ ಹತ್ತು ಸಾಲು ಹೆಣೆಯಿಸಿರಿ. ತುಂಡು ರಟ್ಟಿನಂತೆ ನಿಂತರೆ ಅರ್ಧ ಮಿಲ್ಲಿಮೀಟರು ದಪ್ಪದ ಕಡ್ಡಿ. ಜಾಲರಿಯಂತೆ ಜೋತುಬಿದ್ದರೆ ಅರ್ಧ ಸಣ್ಣದು. "ಸಡಿಲವಾಗಿ ಹೆಣೆ" ಎಂದು ಮಗುವನ್ನು ಗದರಿಸಬೇಡಿರಿ. ಕೈಯ ಸ್ವಭಾವವನ್ನು ಮಾರ್ಪಡಿಸುವದಕ್ಕಿಂತ ಕಡ್ಡಿಯನ್ನು ಬದಲಾಯಿಸುವದು ಸುಲಭ. ಸಾಲುಗಳು ಸಮವಾಗಿ ಬಂದ ಮೇಲೆ 2½ ಮಿಲ್ಲಿಮೀಟರಿಗೆ ಇಳಿಯಬಹುದು. ಅನಂತರವೇ ಉಕ್ಕಿನ 1½ರ ಕಡ್ಡಿ ಮತ್ತು 10ನೆಯ ನಂಬರಿನ ದಾರ. 40, 60ರ ಲೇಸನ್ನು ಹಗಲಿನ ಬೆಳಕಿನಲ್ಲಿ ಮಾತ್ರ ಮಾಡತಕ್ಕದ್ದು. ದೋರ್ಕಳು ವಿಧವೆಯರಿಗೆ ಮಾಡಿಕೊಟ್ಟದ್ದು ತೊಡುವ ಅಂಗಿಗಳನ್ನೇ ಎಂಬದನ್ನು ನೆನೆದರೆ, ದಪ್ಪ ನೂಲಿನ ಕೆಲಸದಲ್ಲಿ ನಿಲ್ಲುವದಕ್ಕೂ ಯಾರೂ ನಾಚಬೇಕಾದದ್ದಿಲ್ಲ.

ಎಡಗೈಯ ಮಗುವಿಗೆ ಬಲಗೈಯಲ್ಲಿ ಹಿಡಿಯೆಂದು ಬಲವಂತ ಮಾಡುವದು ಹಿಂದೆ ಅನೇಕ ಕಡೆ ಇತ್ತು. ಅದು ಬೇಡ. ಕ್ರೋಷ ಕಡ್ಡಿಗೆ ಎಡ ಬಲವೆಂಬ ಭೇದವಿಲ್ಲ. ಆಕೆಯನ್ನು ಪಕ್ಕದಲ್ಲಿ ಕೂಡಿಸಿಕೊಳ್ಳದೆ ಎದುರಿಗೆ ಕೂಡಿಸಿಕೊಳ್ಳಿರಿ. ಕನ್ನಡಿಯಲ್ಲಿ ಕಂಡಂತೆ ನಿಮ್ಮ ಕೈಯನ್ನು ನೋಡಿ ಆಕೆ ಕಲಿಯುವಳು.