ಕಯಾಕಿನ ತಳವನ್ನು ಕೊರೆಯದೆ ಮತ್ಸ್ಯಶೋಧಕದ ಬಿಲ್ಲೆಯನ್ನು ಕೂರಿಸುವ ಕ್ರಮ

ವರದಾ ನದಿಯು ಹುಟ್ಟುವ ವರದಮೂಲವು ಸಾಗರ ತಾಲ್ಲೂಕಿನಲ್ಲಿಯೂ, ಶರಾವತಿಯು ಹುಟ್ಟುವ ಅಂಬುತೀರ್ಥವು ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೂ ಇರುವುವು. ಇವೆರಡರ ನಡುವಣ ಸೀಮೆಯಲ್ಲಿ ಕೆರೆ, ಹೊಳೆ, ಹಿನ್ನೀರುಗಳಿಗೆ ಕೊರತೆಯಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಬಳಿಕ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಗ್ರಾಮಗಳ ಗದ್ದೆ ತೋಟಗಳು ನೀರಿನೊಳಗಾದುವು. 1948ರಲ್ಲಿ ಪ್ರಾರಂಭವಾದ ಜೋಗದ ವಿದ್ಯುದಾಗಾರಕ್ಕೆ ನೀರೊದಗಿಸುತ್ತಿದ್ದ ಹಿರೇಭಾಸ್ಕರ ಅಣೆಕಟ್ಟೇ ಈಗ ಆ ಹಿನ್ನೀರಿನಲ್ಲಿ ಮುಳುಗಿದ್ದು, ಮಳೆ ತಡವಾದ ವರ್ಷಗಳಲ್ಲಿ ಮಾತ್ರ ತಲೆಯೆತ್ತುತ್ತದೆ. ಅಣೆಕಟ್ಟೇ ಹೀಗಿರುವಲ್ಲಿ, ಮರದ ಬೊಡ್ಡೆ, ಹಳೆಯ ಅಗಳು, ಮನೆಯ ಪಂಚಾಂಗಗಳು ಇವುಗಳ ಮಾತನ್ನು ಹೇಳಬೇಕಾದುದೇ ಇಲ್ಲ. ಮೇಲೆ ದೋಣಿ ನಡೆಸುವವನಿಗೆ ಇವೊಂದೂ ಕಾಣವು. ಬಲೆ ಸಿಕ್ಕಿ ಹರಿದ ಮೇಲೆಯೋ, ದೋಣಿಯ ತಳ ತಾಗಿದ ಮೇಲೆಯೋ ಅಲ್ಲಿ ಏನಿತ್ತೆಂಬುದು ತಿಳಿಯುವುದು.

ಈಚಿನ ವರ್ಷಗಳಲ್ಲಿ ದಡದ ಜಮೀನುದಾರರಲ್ಲಿ ಕೆಲವರು ಹೋಂಸ್ಟೇ ನಡೆಸುತ್ತ ಕಯಾಕ್ ಎಂಬ ಕಿರುದೋಣಿಯನ್ನು ಇಟ್ಟುಕೊಂಡಿರುವರು. ಒಬ್ಬಿಬ್ಬರು ಕುಳಿತು, ಎರಡು ತುದಿಯಲ್ಲಿಯೂ ಅಲಗುಳ್ಳ ಹುಟ್ಟಿನಿಂದ ನಡೆಸುವ ಈ ದೋಣಿಯು ಹೊನ್ನೆಮರಡುವಿನಲ್ಲಿ ಜಲಕ್ರೀಡೆ ಕಲಿತವರಿಗೆ ಹೊಸದಲ್ಲ. ಇದಕ್ಕೆ ಫಿಶ್ ಫೈಂಡರ್ ಎಂಬ ಮತ್ಸ್ಯಶೋಧಕ ಯಂತ್ರವನ್ನು ಕೂರಿಸಿದರೆ ನೀರಿನ ಆಳವೂ, ತಳದ ಏರುತಗ್ಗುಗಳೂ, ಮೀನಿನ ಇರವೂ ಪರದೆಯ ಮೇಲೆ ಕಾಣುವುವು. ಗ್ರಾಮದ ಕೆರೆಯ ಮೀನು ಪಾಶುವಾರು ಹಕ್ಕನ್ನು ಹರಾಜು ಮಾಡುವುದಕ್ಕೆ ಮುಂಚೆ ಕೆರೆಯ ಆಳವನ್ನು ತಿಳಿಯಬೇಕೆನ್ನುವ ಮುಖಂಡರಿಗೂ ಇದು ಉಪಯೋಗವಾದೀತು. ಆದರೆ ಯಂತ್ರವನ್ನು ಕೊಂಡವರಲ್ಲಿ ಹಲವರು ಮೊದಲು ಮಾಡಹೊರಡುವ ಕೆಲಸ ದೋಣಿಯ ತಳಕ್ಕೆ ತೂತು ಕೊರೆಯುವುದು. ಕಯಾಕುಗಳಲ್ಲಿ ಬಹುಮಟ್ಟಿಗೆ ಈ ತೂತು ಅನಾವಶ್ಯಕವೆಂಬುದನ್ನೂ, ಕೊರೆಯದೆ ಕೂರಿಸುವ ಕ್ರಮವನ್ನೂ ಇಲ್ಲಿ ವಿವರಿಸುವೆವು.

ಯಂತ್ರದಲ್ಲಿ ಮುಖ್ಯವಾಗಿ ಎರಡು ಭಾಗಗಳುಂಟು. ಒಂದು ಪರದೆ, ಇನ್ನೊಂದು ಟ್ರಾನ್ಸ್‌ಡ್ಯೂಸರ್ ಎಂಬ, ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದ ತುಂಡು. ಮುಂದೆ ಇದನ್ನು ಬಿಲ್ಲೆ ಎಂದು ಕರೆಯುವೆವು. ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುವುದೆಂಬುದನ್ನು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ಅದೇ ಹರಳಿಗೆ ವಿದ್ಯುತ್ತನ್ನು ಕೊಟ್ಟರೆ ಅದು ಕಂಪಿಸಿ ಶಬ್ದವನ್ನುಂಟುಮಾಡುವುದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಲ್ಯಾಂಜೆವಿನ್ ಎಂಬ ವಿಜ್ಞಾನಿಯು ಇದನ್ನೇ ಉಪಯೋಗಿಸಿ ನೀರಿನೊಳಗೆ ಶಬ್ದವನ್ನು ಕಳುಹಿಸಿ ಅದರ ಪ್ರತಿಧ್ವನಿಯನ್ನು ಹಿಡಿದನು. 1948ರಲ್ಲಿ ಜಪಾನಿನ ಫುರುನೋ ಸಹೋದರರು ಈ ವಿದ್ಯೆಯನ್ನು ಮೀನುಗಾರರ ಕೈಗೆ ತಂದರು. ಬಿಲ್ಲೆಯೊಳಗಿನ ಹರಳು ಇಂದಿಗೂ ಇದೇ ಕೆಲಸವನ್ನು ಮಾಡುತ್ತಿರುವುದು. ಅದರ ಶಬ್ದವು ಸೆಕೆಂಡಿಗೆ 83 ಸಾವಿರ, 200 ಸಾವಿರ ಕಂಪನಗಳುಳ್ಳದ್ದಾದುದರಿಂದ ನಮಗಾಗಲಿ ಗೆಂಡೆ ಜಾತಿಯ ಮೀನಿಗಾಗಲಿ ಕೇಳಿಸದು. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1500 ಮೀಟರ್ ದೂರ ಹೋಗುವುದು. ನೀರು 15 ಮೀಟರ್ ಆಳವಿದ್ದರೆ, ಹೋಗಿಬರುವ ದಾರಿ 30 ಮೀಟರ್ ಆಗಿ, ಪ್ರತಿಧ್ವನಿಯು ಸೆಕೆಂಡಿನ ಐವತ್ತನೆಯ ಒಂದು ಪಾಲಿನಲ್ಲಿ ಮರಳುವುದು. ಯಂತ್ರವು ಈ ಹೊತ್ತನ್ನು ಅಳೆದು ಆಳವನ್ನು ತೋರಿಸುತ್ತದೆ.

ಇಲ್ಲಿ ಗಮನಿಸತಕ್ಕ ಮುಖ್ಯ ಸಂಗತಿಯೊಂದುಂಟು. ನೀರಿನಲ್ಲಿ ಬರುವ ಶಬ್ದವು ಗಾಳಿಯನ್ನು ಮುಟ್ಟಿತೆಂದರೆ ಅದರ ಬಲದಲ್ಲಿ ಸಾವಿರಕ್ಕೆ ಒಂದು ಪಾಲಿನಷ್ಟು ಮಾತ್ರ ಗಾಳಿಯೊಳಗೆ ಹೊಗುವುದು. ಉಳಿದುದೆಲ್ಲ ಹಿಂದಕ್ಕೆ ತಿರುಗುವುದು. ಮೀನು ಪರದೆಯ ಮೇಲೆ ಕಾಣುವುದಕ್ಕೂ ಇದೇ ಕಾರಣ. ಮೀನಿನ ಮಾಂಸವು ಶಬ್ದಕ್ಕೆ ನೀರಿನಂತೆಯೇ ಇದ್ದು, ಅದರ ಹೊಟ್ಟೆಯೊಳಗಣ ಗಾಳಿಚೀಲವೇ ಹೆಚ್ಚಾಗಿ ಪ್ರತಿಧ್ವನಿಯನ್ನು ಕೊಡುತ್ತದೆ. ಕಾಟ್ಲಾ, ರೋಹು ಮೊದಲಾದುವು ಚೆನ್ನಾಗಿ ಕಾಣುವುದು ಇದರಿಂದಲೇ. ಆದರೆ ಮೀನನ್ನು ಕಾಣಿಸುವ ಆ ಗಾಳಿಯೇ ಬಿಲ್ಲೆಗೂ ದೋಣಿಯ ತಳಕ್ಕೂ ನಡುವೆ ಒಂದು ಗುಳ್ಳೆಯಾಗಿ ಉಳಿದರೆ ಯಂತ್ರವು ಕುರುಡಾಗುವುದು. ಶಬ್ದಕ್ಕೆ ಶತ್ರುವು ದೋಣಿಯ ತಳವಲ್ಲ, ಗಾಳಿ. ಕಯಾಕುಗಳನ್ನು ಎರಕ ಹೊಯ್ಯುವ ಪಾಲಿಥೀನಿಗೂ ನೀರಿಗೂ ಶಬ್ದದ ದೃಷ್ಟಿಯಲ್ಲಿ ಬಹಳ ಭೇದವಿಲ್ಲವಾಗಿ, ಕಾಲಂಗುಲ ದಪ್ಪದ ಗಟ್ಟಿ ತಳದ ಮೂಲಕ ಶಬ್ದವು ಸ್ವಲ್ಪವೇ ನಷ್ಟದೊಡನೆ ಹಾದುಹೋಗುವುದು. ಗಟ್ಟಿಯಾದ ಫೈಬರ್ ತಳವೂ ಹಾಗೆಯೇ.

ಎಲ್ಲ ದೋಣಿಗೂ ಈ ಮಾತು ಹೊಂದುವುದಿಲ್ಲ. ಮರದ ರಂಧ್ರಗಳಲ್ಲಿ ಗಾಳಿಯಿರುವುದರಿಂದ ಮರದ ದೋಣಿಗೆ ಇದು ಸಲ್ಲದು. ಎರಡು ಪದರಗಳ ನಡುವೆ ನೊರೆ ತುಂಬಿದ ತಳಕ್ಕೂ, ಗಾಳಿ ತುಂಬಿ ಉಬ್ಬಿಸುವ ಕಯಾಕಿಗೂ ಸಲ್ಲದು. ಬಿದಿರಿನ ಹರಿಗೋಲಿನಲ್ಲಿ ಹೆಣಿಗೆಗೂ ಹೊದಿಕೆಗೂ ನಡುವೆ ಗಾಳಿಯಿದ್ದೇ ಇರುವುದು. ಇಂತಹವುಗಳಲ್ಲಿ ಬಿಲ್ಲೆಯನ್ನು ಒಂದು ಗಳುವಿನ ತುದಿಗೆ ಬಿಗಿದು, ಪಕ್ಕದಲ್ಲಿ ನೀರೊಳಕ್ಕೆ ಇಳಿಬಿಡುವುದೇ ಸುಲಭೋಪಾಯ. ಬೊಡ್ಡೆ ತಾಗುವ ಕಡೆ ಗಳುವನ್ನು ಮೇಲಕ್ಕೆತ್ತಲು ಅನುಕೂಲವಿರಬೇಕು. ಮೇಲೆಯೇ ಕುಳಿತು ನಡೆಸುವ ಜಾತಿಯ ಕಯಾಕುಗಳಲ್ಲಿ, ಪೀಠದ ಬಳಿ ಬಿದ್ದ ನೀರು ಕೆಳಗೆ ಹರಿದುಹೋಗಲು ಎರಕದಲ್ಲಿಯೇ ಬಿಟ್ಟ ಕೊಳವೆಯಂತಹ ದಾರಿಗಳಿರುತ್ತವೆ. ಅವುಗಳೊಳಗೆ ಹಿಡಿಸುವ ಬಿಲ್ಲೆಗಳೂ ಮಾರಾಟಕ್ಕೆ ಬರುತ್ತವೆ. ಅದಕ್ಕೂ ಹೊಸ ತೂತು ಬೇಡ.

ತೂತಿಗೆ ನಾವು ಇಷ್ಟು ಹೆದರುವುದೇತಕ್ಕೆಂದು ಕೇಳುವವರಿಗಾಗಿ ಲೆಕ್ಕವನ್ನು ಕೊಡುವೆವು. ನೀರುಮಟ್ಟಕ್ಕೆ 15 ಸೆಂಟಿಮೀಟರ್ ಕೆಳಗಿರುವ ಒಂದಂಗುಲ ವ್ಯಾಸದ ತೂತಿನ ಬಿಗಿ ಕಳಚಿದರೆ ನಿಮಿಷಕ್ಕೆ ಸುಮಾರು 30 ಲೀಟರ್, ಎಂದರೆ ಎರಡು ಕೊಡದಷ್ಟು ನೀರು ಒಳನುಗ್ಗುವುದು. ಒಳಭಾಗ ಮುಚ್ಚಿದ ಕಯಾಕಿನಲ್ಲಿ ಕುಳಿತವನಿಗೆ ಮೊದಲ ಐದಾರು ಕೊಡ ಒಳಸೇರುವವರೆಗೆ ಇದು ಗೊತ್ತಾಗದೆ ಇರಬಹುದು. ಪಡುವಣ ಗಾಳಿ ಎದ್ದ ಹೊತ್ತಿನಲ್ಲಿ, ದಡವು ಅರ್ಧ ಮೈಲಿ ದೂರದಲ್ಲಿರುವಾಗ, ಹಿನ್ನೀರಿನ ನಡುವೆ ಹೀಗಾದರೆ ಏನಾಗುವುದೆಂಬುದನ್ನು ವಾಚಕರೇ ಊಹಿಸಬಹುದು. ಪಾಲಿಥೀನ್ ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗುವ ಪದಾರ್ಥವಾದುದರಿಂದ ಮೊದಲು ಬಿಗಿಯಾಗಿದ್ದ ತಿರುಪು ಎರಡು ಬೇಸಗೆ ಕಳೆಯುವಷ್ಟರಲ್ಲಿ ಸಡಿಲವಾಗುವುದು ಅಸಂಭವವಲ್ಲ.

ಅಂಟಿಸುವುದಕ್ಕೆ ಮುಂಚೆ ಪರೀಕ್ಷೆ ಅವಶ್ಯವಾಗಿ ಮಾಡತಕ್ಕದ್ದು. ದೋಣಿಯನ್ನು ಎರಡು ಮೂರು ಮಾರು ಆಳದ ನಿಂತ ನೀರಿಗೆ ಒಯ್ದು, ಮೊದಲು ಬಿಲ್ಲೆಯನ್ನು ಪಕ್ಕದಲ್ಲಿ ನೀರೊಳಕ್ಕೆ ಇಳಿಬಿಟ್ಟು ಪರದೆಯಲ್ಲಿ ತೋರುವ ಆಳವನ್ನು ಬರೆದುಕೊಳ್ಳಬೇಕು. ಆಮೇಲೆ ದೋಣಿಯ ಒಳಗೆ ನೀವು ಆರಿಸಿದ ಜಾಗದಲ್ಲಿ ಎರಡು ಬೆರಳು ನೀರು ನಿಲ್ಲಿಸಿ, ಬಿಲ್ಲೆಯನ್ನು ಆ ನೀರಿನಲ್ಲಿ ತಳಕ್ಕೆ ಒತ್ತಿ ಹಿಡಿಯಬೇಕು. ಆಳವು ಮೊದಲಿನಂತೆಯೇ ತೋರಿ ತಳದ ಗೆರೆ ಸ್ಪಷ್ಟವಾಗಿದ್ದರೆ ಜಾಗವು ಯೋಗ್ಯವಾದುದು. ಗೆರೆ ಮಂಕಾಗಿದ್ದರೆ ಬೇರೆ ಜಾಗವನ್ನು ನೋಡತಕ್ಕದ್ದು. ಎಲ್ಲಿಯೂ ಕಾಣದಿದ್ದರೆ ಆ ದೋಣಿಗೆ ಗಳುವೇ ಗತಿ.

ಜಾಗವು ಏಣು ಮಡಿಕೆಗಳಿಲ್ಲದೆ ಚಪ್ಪಟೆಯಾಗಿರಬೇಕು, ದೋಣಿ ನಡೆಯುವಾಗ ಸದಾ ನೀರಿನೊಳಗಿರಬೇಕು, ಮುಚ್ಚಳದ ಕಂಡಿಯಿಂದ ಕೈಗೆಟುಕಬೇಕು. ಪೀಠದ ಹಿಂಭಾಗದಲ್ಲಿ ಇಂತಹ ಸ್ಥಳವು ಸಾಮಾನ್ಯವಾಗಿ ಸಿಕ್ಕುವುದು. ದಡಕ್ಕೆ ಎಳೆಯುವಾಗ ಕಲ್ಲಿಗೆ ಉಜ್ಜುವ ನಡುಗೆರೆಯನ್ನು ಬಿಡುವುದು ಮೇಲು. ಬಿಲ್ಲೆಯ ಮುಖವು ನೇರವಾಗಿ ಕೆಳಗೆ ನೋಡಬೇಕಾದುದರಿಂದ, ದೋಣಿ ನೀರಿನಲ್ಲಿದ್ದು ಆಳು ಪೀಠದಲ್ಲಿ ಕುಳಿತಿರುವಾಗಲೇ ಗಾರೆಯವರ ರಸಮಟ್ಟವನ್ನು ಆ ಜಾಗದಲ್ಲಿಟ್ಟು ನೋಡುವುದು ಒಳ್ಳೆಯದು. ಅಂಗಳದಲ್ಲಿ ಮಟ್ಟವಾಗಿ ಕಂಡದ್ದು ನೀರಿನಲ್ಲಿ ಓರೆಯಾಗುವುದುಂಟು.

ಇನ್ನು ಅಂಟು. ಫೈಬರ್ ತಳವಾದರೆ ಎರಡು ಭಾಗಗಳನ್ನು ಕಲಸುವ ಎಪಾಕ್ಸಿ ಅಂಟು ಉತ್ತಮ. ಐದು ನಿಮಿಷದಲ್ಲಿ ಬಿಗಿಯುವ ಜಾತಿಯದು ಬೇಡ. ಅದರ ಗುಳ್ಳೆಗಳು ಹೊರಬರುವಷ್ಟರಲ್ಲಿಯೇ ಅಂಟು ಗಟ್ಟಿಯಾಗುವುದು. ಇಡೀ ದಿನ ತೆಗೆದುಕೊಳ್ಳುವ ಅಂಟನ್ನು ಕೊಂಡು, ನೊರೆಯೇಳದಂತೆ ನಿಧಾನವಾಗಿ ಕಲಸಬೇಕು. ಪಾಲಿಥೀನಿನ ಮೇಲೆ ಎಪಾಕ್ಸಿ ನಿಲ್ಲದು, ಕೆಲವು ದಿನಗಳಲ್ಲಿ ಬಿಲ್ಲೆಯ ಸಮೇತ ಎದ್ದುಬರುವುದು. ಸಿಲಿಕೋನ್ ಸಹ ಅದಕ್ಕೆ ಬಹಳ ಗಟ್ಟಿಯಾಗಿ ಹಿಡಿಯದಾದರೂ ಮೆತುವಾಗಿರುವುದರಿಂದ ತಳದೊಡನೆ ಹಿಗ್ಗಿ ಕುಗ್ಗಿ ತಾಳಿಕೊಳ್ಳುವುದು. ಬೇಕೆಂದಾಗ ಕೀಳಲೂ ಬರುವುದು.

ತಳವನ್ನು ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಸ್ಪಿರಿಟ್ಟಿನಿಂದ ಒರಸಿ, ಪೂರಾ ಒಣಗಿಸಬೇಕು. ಬಿಲ್ಲೆಯ ಮುಖವನ್ನು ಸಾಬೂನು ನೀರಿನಿಂದ ತೊಳೆದು ಆರಿಸಬೇಕು. ಅದನ್ನು ಗೀಚಕೂಡದು, ಕೈಯ ಜಿಡ್ಡೂ ಅದಕ್ಕೆ ತಾಗಕೂಡದು. ಸಿಲಿಕೋನನ್ನು ಬಿಲ್ಲೆಯ ಅಗಲಕ್ಕೂ ಬಳಿಯುವುದು ಎಲ್ಲರೂ ಮಾಡುವ ಕೆಲಸ, ಮಾಡಬಾರದ ಕೆಲಸವೂ ಅದೇ. ಹಾಗೆ ಬಳಿದಾಗ ಗೆರೆಗೆರೆಗಳ ನಡುವೆ ಗಾಳಿ ಸೇರಿಕೊಳ್ಳುವುದು. ಟ್ಯೂಬಿನ ಮೂತಿಯನ್ನು ಅಂಟಿನ ಮುದ್ದೆಯೊಳಗೇ ಹುದುಗಿಸಿಟ್ಟು, ನಡುವೆ ಒಂದೇ ಗೋಪುರದಂತೆ ಹಿಂಡಬೇಕು. ಅದರ ಮೇಲೆ ಬಿಲ್ಲೆಯನ್ನಿಟ್ಟು, ಬೀಸುಕಲ್ಲನ್ನು ತಿರುಗಿಸುವಂತೆ ಅತ್ತಿತ್ತ ಸ್ವಲ್ಪ ತಿರುವುತ್ತ ಕೆಳಗೆ ಒತ್ತಿದರೆ ಅಂಟು ನಡುವಿನಿಂದ ಅಂಚಿಗೆ ಹರಿದು ಗಾಳಿಯನ್ನು ತಳ್ಳಿಕೊಂಡು ಹೋಗುವುದು. ಸುತ್ತಲೂ ಅಂಟು ಹೊರಬಂದುದನ್ನು ಕಂಡಮೇಲೆ ಕೈ ತೆಗೆಯತಕ್ಕದ್ದು. ಒಮ್ಮೆ ಒತ್ತಿದ ಬಿಲ್ಲೆಯನ್ನು ಸರಿಮಾಡಲೆಂದು ಎತ್ತಲೇಕೂಡದು. ಎತ್ತಿದರೆ ಗಾಳಿ ಒಳಗೆಳೆದುಕೊಳ್ಳುವುದು ಖಂಡಿತ. ಆಗ ಎಲ್ಲವನ್ನೂ ಕೆರೆದು ಮೊದಲಿನಿಂದ ಮಾಡಬೇಕು. ಸಿಲಿಕೋನ್ ಗಾಳಿಯ ತೇವದಿಂದ ಅಂಚಿನಿಂದ ಒಳಕ್ಕೆ ಗಟ್ಟಿಯಾಗುವ ಪದಾರ್ಥ. ಬಿಲ್ಲೆಯ ನಡುಭಾಗವು ಬಿಗಿಯಲು ಹಲವು ದಿನ ಹಿಡಿಯುವುದು. ವಾರವೊಂದು ದೋಣಿಯನ್ನು ನೆರಳಿನಲ್ಲಿ ಅಲುಗಾಡಿಸದೆ ಇಡಿರಿ. ಮಲೆನಾಡಿನ ಮಳೆಗಾಲದ ತೇವವು ಈ ಒಂದು ಕೆಲಸಕ್ಕೆ ಅನುಕೂಲವೇ. ಎಪಾಕ್ಸಿಗೆ ಮಾತ್ರ ಚಳಿಯೂ ತೇವವೂ ಆಗದು.

ಪಾಲಿಥೀನಿಗೆ ಇನ್ನೊಂದು ಉಪಾಯವುಂಟು. ದಪ್ಪವಾದ ಸ್ಪಂಜಿನ ಹಲಗೆಯಲ್ಲಿ ಬಿಲ್ಲೆ ಬಿಗಿಯಾಗಿ ಕೂರುವಂತೆ ಕಂಡಿ ಕೊಯ್ದು, ಆ ಹಲಗೆಯನ್ನು ತಳಕ್ಕೆ ಅಂಟಿಸಿ, ಕಂಡಿಯೊಳಗೆ ಸ್ವಲ್ಪ ನೀರು ಹೊಯ್ದು ಬಿಲ್ಲೆಯನ್ನು ಒತ್ತಿ ಕೂರಿಸುವುದು. ಗದ್ದೆಯ ಬದುವು ನೀರು ಹಿಡಿದಂತೆ ಹಲಗೆಯು ನೀರನ್ನು ಹಿಡಿಯುವುದು. ಅಂಟಿನ ಕಷ್ಟವಿಲ್ಲ, ಬಿಲ್ಲೆಯನ್ನು ಸಂಜೆ ತೆಗೆದು ಮನೆಯೊಳಗಿಡಬಹುದು. ಪ್ರತಿಸಲವೂ ನೀರು ಹೊಯ್ಯುವುದನ್ನು ಮರೆಯದವರಿಗೆ ನಾವು ಇದನ್ನೇ ಹೇಳುವೆವು.

ತಳದ ಮೂಲಕ ನೋಡುವ ಬಿಲ್ಲೆಯಿಂದ ಎರಡು ಲೋಪಗಳನ್ನು ಸಹಿಸಬೇಕು. ಅದು ತೋರಿಸುವ ಉಷ್ಣತೆಯು ನೀರಿನದಲ್ಲ, ದೋಣಿಯ ತಳದ್ದು. ತಳದ ಛಾಯಾಚಿತ್ರದಂತೆ ತೋರಿಸುವವೆಂದು ಹೆಚ್ಚು ಬೆಲೆಗೆ ಮಾರುವ, 455 ಸಾವಿರಕ್ಕೂ ಮೇಲ್ಪಟ್ಟ ಕಂಪನದ ಯಂತ್ರಗಳು ಪ್ಲಾಸ್ಟಿಕ್ಕಿನ ಮೂಲಕ ಚೆನ್ನಾಗಿ ಕೆಲಸಮಾಡವು. ತಳವನ್ನು ಕೊರೆಯಬಾರದೆಂದಿರುವವರು ಅವುಗಳಿಗೆ ಹಣ ಸುರಿಯುವುದು ವ್ಯರ್ಥ.

ಬ್ಯಾಟರಿಯ ವಿಷಯವು ಸಣ್ಣದು. 12 ವೋಲ್ಟಿನ, 7 ಆಂಪಿಯರ್ ಗಂಟೆಯ ಮುಚ್ಚಿದ ಬ್ಯಾಟರಿಯು ಅರ್ಧ ಆಂಪಿಯರ್ ಎಳೆಯುವ ಯಂತ್ರಕ್ಕೆ ಒಂದು ಹಗಲಿಗೆ ಸಾಕು. ಧನಧ್ರುವದ ಹತ್ತಿರವೇ ಫ್ಯೂಸ್ ಇರಬೇಕು. ಕೇಬಲ್ಲನ್ನು ಹೊರತರಲು ಮೇಲ್ಭಾಗದಲ್ಲಿ ಒಂದು ತೂತು ಬೇಕಾದೀತು. ಅದು ನೀರುಮಟ್ಟಕ್ಕೆ ಮೇಲಿರುವುದರಿಂದ ಬಾಧಕವಿಲ್ಲ; ಅದಕ್ಕೆ ರಬ್ಬರಿನ ಬಿಗಿ ಹಾಕತಕ್ಕದ್ದು. ಬಿಲ್ಲೆಯ ಕೇಬಲ್ಲನ್ನು ಉದ್ದವಾಯಿತೆಂದು ಕತ್ತರಿಸಬಾರದು, ಸುತ್ತಿ ಕಟ್ಟಿಡಬೇಕು.

ಕೂರಿಸಿದ ಮೇಲೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ನಾಲ್ಕಾರು ಕಡೆ ಪರದೆಯ ಲೆಕ್ಕವನ್ನು ಹಗ್ಗದ ಲೆಕ್ಕಕ್ಕೆ ಹೋಲಿಸಿರಿ. ಕೆಸರಿನ ಕೆರೆಯಲ್ಲಿ ಕಲ್ಲು ಹೂಳಿನೊಳಕ್ಕೆ ಇಳಿಯುವುದರಿಂದ ಹಗ್ಗವು ಹೆಚ್ಚು ಆಳವನ್ನು ತೋರೀತು, ಯಂತ್ರವು ಹೂಳಿನ ಮೇಲ್ಮೈಯನ್ನು ತೋರೀತು. ಅದೇ ಜಾಗದಲ್ಲಿ ಚೂಪಾದ ಬಿದಿರ ಗಳುವನ್ನು ಗಟ್ಟಿ ನೆಲ ಸಿಕ್ಕುವವರೆಗೆ ಒತ್ತಿ ನೋಡಿದರೆ, ಎರಡರ ಅಂತರವೇ ಹೂಳಿನ ದಪ್ಪ. ಕೆರೆಯ ಹೂಳೆತ್ತುವ ಕೆಲಸಕ್ಕೆ ಅಂದಾಜು ಮಾಡುವವರು ಇದನ್ನು ಬರೆದಿಟ್ಟುಕೊಳ್ಳುವುದು ಲಾಭಕರ.

ಪರದೆಯನ್ನು ಓದುವಾಗ ಎಚ್ಚರಿಕೆ ಬೇಕು. ಶಬ್ದವು ಹುರಿಯಂತೆ ನೇರವಾಗಿ ಇಳಿಯದೆ ಗೊರಬಿನಂತೆ ಅಗಲವಾಗುತ್ತ ಹೋಗುವುದು. 200 ಸಾವಿರ ಕಂಪನದ, 20 ಅಂಶ ಕೋನದ ಶಬ್ದವು 30 ಅಡಿ ಆಳದಲ್ಲಿ 10 ಅಡಿಗಿಂತ ಸ್ವಲ್ಪ ಹೆಚ್ಚು ಅಗಲವನ್ನೂ, 83 ಸಾವಿರ ಕಂಪನದ, 60 ಅಂಶ ಕೋನದ ಶಬ್ದವು ಸುಮಾರು 35 ಅಡಿ ಅಗಲವನ್ನೂ ಆವರಿಸುವುದು. ಪಕ್ಕದಲ್ಲಿ 15 ಅಡಿ ದೂರದ ಬೊಡ್ಡೆಯು ಪರದೆಯಲ್ಲಿ ನಮ್ಮ ಕಾಲಡಿಯಲ್ಲಿರುವಂತೆಯೇ ಕಂಡೀತು. ಆದಕಾರಣ ಬೊಡ್ಡೆಯ ಜಾಗವನ್ನು ಗುರುತಿಸುವಾಗ ಕಿರಿದಾದ ಕೋನವನ್ನೇ ಇಟ್ಟುಕೊಳ್ಳಬೇಕು. ಮೀನಿನ ಗೊಂಬೆಯ ಚಿತ್ರವನ್ನು ತೋರಿಸುವ ಏರ್ಪಾಡನ್ನು ಮೊದಲು ನಿಲ್ಲಿಸಿಬಿಡಿರಿ. ಮುಳುಗಿದ ಕೊಂಬೆಗೂ, ನೀರಿನಲ್ಲಿ ತೇಲುವ ಎಲೆಗಸಕ್ಕೂ ಯಂತ್ರವು ಮೀನಿನ ಗೊಂಬೆಯನ್ನು ಬರೆದು, ಹೊಸಬರಿಗೆ ಸಂತೋಷವನ್ನುಂಟುಮಾಡುತ್ತದೆ.

ಲಿಂಗನಮಕ್ಕಿಯ ಪೂರ್ಣಮಟ್ಟವು ಸಮುದ್ರದ ಮೇಲೆ 1819 ಅಡಿ. ಬೇಸಗೆಯಲ್ಲಿ ನೀರು ಬಹಳ ಕೆಳಗಿಳಿಯುವುದು. ಆದುದರಿಂದ ಬರಿಯ ಆಳವನ್ನು ಬರೆದಿಟ್ಟರೆ ಮುಂದಿನ ತಿಂಗಳಿಗೆ ಅದು ಉಪಯೋಗವಾಗದು. ಅಂದಿನ ಜಲಾಶಯದ ಮಟ್ಟವನ್ನು ವೃತ್ತಪತ್ರಿಕೆಯಿಂದ ತಿಳಿದು ಜೊತೆಗೆ ಬರೆಯಬೇಕು. ಉದಾಹರಣೆಗೆ, ಮಟ್ಟವು 1800 ಅಡಿ ಇದ್ದ ದಿನ ಒಂದು ಬೊಡ್ಡೆಯ ತುದಿಯು 4 ಅಡಿ ಕೆಳಗೆ ಕಂಡರೆ, ಆ ತುದಿಯ ಎತ್ತರ 1796 ಅಡಿ. ತುಂಬಿದ ಕಾಲದಲ್ಲಿ ಅದು 23 ಅಡಿ ನೀರಿನ ಕೆಳಗಿದ್ದು ಯಾರಿಗೂ ತಾಗದು. ಮಟ್ಟವು 1797ಕ್ಕೆ ಇಳಿದ ವಾರದಲ್ಲಿ ಒಂದೇ ಅಡಿ ಕೆಳಗೆ ಅಡಗಿರುವ ಅದು ದೋಣಿಗೆ ಅತ್ಯಂತ ಅಪಾಯಕಾರಿಯಾಗುವುದು.

ಹಿನ್ನೀರಿನ ಕೆಲವು ಭಾಗವು 1972ರಲ್ಲಿ ಘೋಷಿತವಾದ ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿರುವುದರಿಂದ ಅಲ್ಲಿ ಅರಣ್ಯ ಇಲಾಖೆಯ ಅನುಮತಿಯೂ, ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿಯೂ ಬೇಕು. ತೀರ್ಥಹಳ್ಳಿಯ ಬಳಿ ತುಂಗೆಯಲ್ಲಿರುವ ಚಿಪ್ಪಲಗುಡ್ಡೆಯಂತಹ ಮತ್ಸ್ಯಧಾಮಗಳಲ್ಲಿ ಈ ಯಂತ್ರಕ್ಕೆ ಕೆಲಸವೇ ಇಲ್ಲ. ಲೈಫ್ ಜಾಕೆಟ್ ತೊಡದೆ ಯಾರನ್ನೂ ದೋಣಿಗೆ ಹತ್ತಿಸಕೂಡದು.

ಬೊಡ್ಡೆಗಳ ಸ್ಥಾನವನ್ನೂ ತುದಿಯ ಎತ್ತರವನ್ನೂ ಮೇಲೆ ಹೇಳಿದ ರೀತಿಯಲ್ಲಿ ಬರೆದ ಪಟ್ಟಿಯ ಒಂದು ಪ್ರತಿಯನ್ನು ಗ್ರಾಮ ಪಂಚಾಯತಿಯ ಕಚೇರಿಯಲ್ಲಿಯೂ, ಇನ್ನೊಂದನ್ನು ದೋಣಿ ಕಟ್ಟುವ ದಡದ ಅಂಗಡಿಯಲ್ಲಿಯೂ ಇಟ್ಟರೆ, ಯಂತ್ರವಿಲ್ಲದ ಬಲೆಗಾರರೂ ಅದನ್ನು ನೋಡಿಕೊಂಡು ಹೊರಡಬಹುದು.