ಮೀನುಗಾರಿಕಾ ದೋಣಿಗೆ ಟ್ರಾನ್ಸ್‌ಡ್ಯೂಸರ್: ಆಯ್ಕೆಯ ಕ್ರಮ

ಡೀಸೆಲ್, ಮಂಜುಗಡ್ಡೆ ಮತ್ತು ದಿನಸಿಯನ್ನು ತುಂಬಿಕೊಂಡು ಆಳಸಮುದ್ರಕ್ಕೆ ಹೊರಟ ಟ್ರಾಲ್ ದೋಣಿಯು ಅರ್ಧ ಖಾಲಿಯಾಗಿ ಮರಳಿದಾಗ ನಷ್ಟವು ಮಾಲೀಕನೊಬ್ಬನಿಗೇ ಸೀಮಿತವಾಗುವುದಿಲ್ಲ. ಬಂದರಿನ ಮೀನು ವ್ಯಾಪಾರಿ, ಮಂಜುಗಡ್ಡೆ ಕಾರ್ಖಾನೆ, ಸಂಸ್ಕರಣಾ ಘಟಕ ಇವೆಲ್ಲವೂ ಅದರಲ್ಲಿ ಪಾಲು ಹೊರುತ್ತವೆ. ಆದ್ದರಿಂದ ಮೀನಿನ ಇರುವಿಕೆಯನ್ನು ತೋರಿಸುವ ಫಿಶ್ ಫೈಂಡರ್ ದೋಣಿಯ ಮುಖ್ಯ ಉಪಕರಣಗಳಲ್ಲೊಂದಾಗಿದೆ. ಆದರೆ ಖರೀದಿಯ ವೇಳೆ ಪರದೆಯ ಗಾತ್ರ ಮತ್ತು ಬಣ್ಣಗಳ ಕಡೆಗೇ ಗಮನ ಹರಿದು, ನೀರಿನಲ್ಲಿ ಕೆಲಸ ಮಾಡುವ ಟ್ರಾನ್ಸ್‌ಡ್ಯೂಸರಿನ ವಿಚಾರವು ಕೊನೆಗೆ ಉಳಿಯುವುದುಂಟು. ಕ್ರಮವು ಇದಕ್ಕೆ ವಿರುದ್ಧವಾಗಿರಬೇಕು. ಟ್ರಾನ್ಸ್‌ಡ್ಯೂಸರ್ ಗ್ರಹಿಸದ ಪ್ರತಿಧ್ವನಿಯನ್ನು ಯಾವ ಪರದೆಯೂ ತೋರಿಸಲಾರದು.

ಕಾರ್ಯವಿಧಾನ

ಜಪಾನಿನ ಫುರುನೊ ಸಹೋದರರು 1948ರಲ್ಲಿ ಫಿಶ್ ಫೈಂಡರನ್ನು ಬಳಕೆಗೆ ತಂದರು. ಅಂದಿನಿಂದ ಇದರ ಮೂಲತತ್ತ್ವವು ಬದಲಾಗಿಲ್ಲ. ಟ್ರಾನ್ಸ್‌ಡ್ಯೂಸರಿನೊಳಗಿನ ಪಿಂಗಾಣಿಯಂತಹ ಬಿಲ್ಲೆಯು ವಿದ್ಯುತ್ ಮಿಡಿತವನ್ನು ಶಬ್ದವನ್ನಾಗಿಯೂ, ಮರಳಿದ ಶಬ್ದವನ್ನು ವಿದ್ಯುತ್ತನ್ನಾಗಿಯೂ ಮಾರ್ಪಡಿಸುತ್ತದೆ. ಸಮುದ್ರದ ನೀರಿನಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು 1500 ಮೀಟರ್. 100 ಮೀಟರ್ ಆಳದಿಂದ ಪ್ರತಿಧ್ವನಿಯು ಸುಮಾರು 0.13 ಸೆಕೆಂಡಿನಲ್ಲಿ ಮರಳುತ್ತದೆ. ಗಾಳಿಚೀಲವುಳ್ಳ ಮೀನುಗಳು ಬಲವಾದ ಪ್ರತಿಧ್ವನಿಯನ್ನು ನೀಡುತ್ತವೆ. ಗಾಳಿಚೀಲವಿಲ್ಲದ ಬೊಂಡಾಸ, ಸಿಗಡಿಗಳದು ದುರ್ಬಲವಾಗಿರುತ್ತದೆ.

ಆವೃತ್ತಿ ಮತ್ತು ಶಬ್ದಶಂಕು

ಮಾರುಕಟ್ಟೆಯಲ್ಲಿ ಬಹುಕಾಲದಿಂದ ಪ್ರಚಲಿತವಿರುವ ಆವೃತ್ತಿಗಳು 50 ಮತ್ತು 200 ಕಿಲೋಹರ್ಟ್ಸ್. ಕಡಿಮೆ ಆವೃತ್ತಿಯ ಶಬ್ದವನ್ನು ನೀರು ಕಡಿಮೆ ಹೀರಿಕೊಳ್ಳುವುದರಿಂದ ಅದು ಹೆಚ್ಚು ಆಳಕ್ಕೆ ಇಳಿಯುತ್ತದೆ. ಹೆಚ್ಚಿನ ಆವೃತ್ತಿಯು ಸೂಕ್ಷ್ಮ ವಿವರಗಳನ್ನು ತೋರಿಸುತ್ತದೆಯಾದರೂ ಬೇಗ ಕ್ಷೀಣಿಸುತ್ತದೆ.

ಶಬ್ದವು ಶಂಕುವಿನಾಕಾರದಲ್ಲಿ ಹರಡುತ್ತದೆ. ಸಾಮಾನ್ಯ 600 ವ್ಯಾಟ್ ಟ್ರಾನ್ಸ್‌ಡ್ಯೂಸರೊಂದರ ಕೋನವು 50 ಕಿಲೋಹರ್ಟ್ಸ್‌ನಲ್ಲಿ 45 ಡಿಗ್ರಿ, 200ರಲ್ಲಿ 12 ಡಿಗ್ರಿ ಇದ್ದರೆ, 100 ಮೀಟರ್ ಆಳದಲ್ಲಿ ಮೊದಲನೆಯದು 83 ಮೀಟರ್ ವ್ಯಾಸದ ವೃತ್ತವನ್ನೂ, ಎರಡನೆಯದು 21 ಮೀಟರ್ ವ್ಯಾಸದ ವೃತ್ತವನ್ನೂ ಆವರಿಸುತ್ತದೆ. ಅಗಲವಾದ ಶಂಕುವು ಹೆಚ್ಚು ಮೀನನ್ನು ತೋರಿಸುವುದೆಂದು ಭಾವಿಸುವುದು ಸಹಜ. ಆದರೆ ಟ್ರಾಲ್ ದೋಣಿಗೆ ಬೇಕಾದುದು ತಳಕ್ಕೆ ಸಮೀಪವಿರುವ ಮೀನು. ನೇರ ಕೆಳಗಿನ ತಳದ ಪ್ರತಿಧ್ವನಿಯು ಮೊದಲು ಬರುವುದರಿಂದ ಶಂಕುವಿನ ಅಂಚಿನಲ್ಲಿ, ತಳದ ಸಮೀಪದಲ್ಲಿರುವ ಮೀನು ಆ ಪ್ರತಿಧ್ವನಿಯಲ್ಲಿ ಮರೆಯಾಗುತ್ತದೆ. ಲೆಕ್ಕ ಹಾಕಿದರೆ 45 ಡಿಗ್ರಿ ಶಂಕುವಿನ ಅಂಚಿನಲ್ಲಿ ತಳದಿಂದ 7.6 ಮೀಟರ್ ಎತ್ತರದವರೆಗಿನ ಮೀನು ಕಾಣಿಸದು. 12 ಡಿಗ್ರಿಯಲ್ಲಿ ಈ ಎತ್ತರವು ಸುಮಾರು ಅರ್ಧ ಮೀಟರ್ ಮಾತ್ರ. ಬಿಲ್ಲೆಯ ಗಾತ್ರ ಹೆಚ್ಚಿದಷ್ಟೂ ಶಂಕುವು ಕಿರಿದಾಗುವುದರಿಂದ, ದೊಡ್ಡ ಬಿಲ್ಲೆಯ 1 ಕಿಲೋವ್ಯಾಟ್ ಟ್ರಾನ್ಸ್‌ಡ್ಯೂಸರ್ 50 ಕಿಲೋಹರ್ಟ್ಸ್‌ನಲ್ಲಿಯೂ ಸುಮಾರು 19 ಡಿಗ್ರಿಗೆ ಇಳಿಯುತ್ತದೆ; ಆಗ ಮರೆಯಾಗುವ ಎತ್ತರವು 1.4 ಮೀಟರಿನಷ್ಟಾಗುತ್ತದೆ. ಹೆಚ್ಚಿನ ಬೆಲೆಗೆ ದೊರೆಯುವ ನಿಜವಾದ ಪ್ರಯೋಜನವಿದು.

ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ನೋಡಬಲ್ಲ ಆಳವೂ ಎರಡು ಪಟ್ಟಾಗುವುದೆಂಬ ಕಲ್ಪನೆ ಸರಿಯಲ್ಲ. ಶಬ್ದವು ಹೋಗುವಾಗಲೂ ಮರಳುವಾಗಲೂ ಹರಡುವುದರಿಂದ, ಒಂಟಿ ಮೀನನ್ನು ಗುರುತಿಸುವ ದೂರವು ಕೇವಲ ಶಕ್ತಿಯ ಹೆಚ್ಚಳದಿಂದ ಶೇಕಡಾ 20ಕ್ಕಿಂತ ಹೆಚ್ಚು ವೃದ್ಧಿಸದು.

ಇತ್ತೀಚಿನ ಚರ್ಪ್ ತಂತ್ರವು ಒಂದೇ ಆವೃತ್ತಿಗೆ ಬದಲಾಗಿ ಆವೃತ್ತಿಗಳ ಶ್ರೇಣಿಯನ್ನೇ ಕಳುಹಿಸುತ್ತದೆ. ಹಳೆಯ ಕ್ರಮದಲ್ಲಿ 1 ಮಿಲಿಸೆಕೆಂಡ್ ಮಿಡಿತದಿಂದ, ಮೇಲೆ ಕೆಳಗೆ 75 ಸೆಂಟಿಮೀಟರಿಗಿಂತ ಸಮೀಪದಲ್ಲಿರುವ ಎರಡು ಮೀನುಗಳು ಒಂದಾಗಿ ಕಾಣುತ್ತವೆ. ಚರ್ಪ್ ಅವುಗಳನ್ನು ಬೇರ್ಪಡಿಸಬಲ್ಲದು. ಆದರೆ ಇದಕ್ಕೆ ಯಂತ್ರ ಮತ್ತು ಟ್ರಾನ್ಸ್‌ಡ್ಯೂಸರ್ ಎರಡೂ ಚರ್ಪ್ ಮಾದರಿಯವಾಗಿರಬೇಕು.

ದೋಣಿಯ ಒಡಲು ಮತ್ತು ಕವಚ

ಇಲ್ಲಿನ ತಪ್ಪು ಮೀನನ್ನಷ್ಟೇ ಅಲ್ಲ, ದೋಣಿಯನ್ನೇ ಅಪಾಯಕ್ಕೊಡ್ಡಬಲ್ಲದು. ತಳವನ್ನು ಕೊರೆದು ಕೂರಿಸುವ ಮಾದರಿಗಳಲ್ಲಿ ಮರದ ದೋಣಿಗೆ ಕಂಚಿನ ಕವಚವನ್ನೇ ಆರಿಸತಕ್ಕದ್ದು. ಮರವು ನೀರು ಕುಡಿದು ಉಬ್ಬಿದಾಗ ಪ್ಲಾಸ್ಟಿಕ್ ಕವಚವು ಬಿರಿದು ನೀರು ಒಳನುಗ್ಗುವ ಸಂಭವವಿದೆ. ಉಕ್ಕಿನ ದೋಣಿಗೆ ಕಂಚು ಸಲ್ಲದು. ಎರಡು ಲೋಹಗಳ ಸಂಪರ್ಕದಿಂದ ಉಕ್ಕು ಸವೆಯುತ್ತದೆ. ಅಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಉಕ್ಕಿನಿಂದ ಪ್ರತ್ಯೇಕಿಸಲಾದ ಕವಚವು ಯೋಗ್ಯ. ಫೈಬರ್ ದೋಣಿಗೆ ಕಂಚು ಅಥವಾ ಪ್ಲಾಸ್ಟಿಕ್ ಎರಡೂ ಹೊಂದುತ್ತವೆ. ಕೊರೆಯದೆ ಒಳಗಿನಿಂದಲೇ ಅಂಟಿಸುವ ವಿಧಾನವು ಗಟ್ಟಿ ಫೈಬರಿಗೆ ಮಾತ್ರ ಅನ್ವಯಿಸುತ್ತದೆ. ಮರ, ಉಕ್ಕು ಅಥವಾ ನಡುವೆ ಫೋಮ್ ಪದರವಿರುವ ತಳಕ್ಕೆ ಅದು ಸಲ್ಲದು.

ಜೋಡಣೆ

ಗಾಳಿಗುಳ್ಳೆಗಳು ಶಬ್ದವನ್ನು ತಡೆಯುತ್ತವೆ. ಆದ್ದರಿಂದ ಪ್ರೊಪೆಲ್ಲರಿನ ಮುಂಭಾಗದಲ್ಲಿ, ನೀರು ಅಡೆತಡೆಯಿಲ್ಲದೆ ಹರಿಯುವಲ್ಲಿ, ತಳದ ನಡುದೂಲದ ನೆರಳು ಬೀಳದಂತೆ ಅದನ್ನು ಕೂರಿಸಬೇಕು. ನಿಧಾನಗತಿಯ ದೋಣಿಗಳಲ್ಲಿ ನೀರಿನ ಮಟ್ಟದ ಉದ್ದದ ಮೂರನೆಯ ಒಂದು ಭಾಗದಷ್ಟು ಮುಂತುದಿಯಿಂದ ಹಿಂದಿರುವ ಸ್ಥಳವು ಪ್ರಶಸ್ತ. ತಳವು ಇಳಿಜಾರಾಗಿದ್ದರೆ ಮುಖವು ನೇರ ಕೆಳಗಿರುವಂತೆ ಮರ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಆಧಾರದ ತುಂಡನ್ನು ಅಳವಡಿಸಬೇಕು. ದೋಣಿಯ ಅಳತೆಗೆ ತಕ್ಕಂತೆ ಇದನ್ನು ರೂಪಿಸುವುದು ಸ್ಥಳೀಯ ಕಾರ್ಯಾಗಾರಗಳಿಗೆ ಸಾಧ್ಯವಿರುವ ಕೆಲಸವಾಗಿದೆ. ಟ್ರಾನ್ಸ್‌ಡ್ಯೂಸರಿನ ತಂತಿಯನ್ನು ಕತ್ತರಿಸದೆ, ಎಂಜಿನ್ನಿನ ವಿದ್ಯುತ್ ತಂತಿಗಳಿಂದ ದೂರವಿಡಬೇಕು. ಮುಖಕ್ಕೆ ನೀರು ಆಧಾರಿತ ಪಾಚಿನಿರೋಧಕ ಬಣ್ಣವನ್ನು ಮಾತ್ರ ಬಳಿಯತಕ್ಕದ್ದು.

ಖರೀದಿಗೆ ಮುನ್ನ

ಮೀನು ಹಿಡಿಯುವ ಸಾಮಾನ್ಯ ಆಳವೆಷ್ಟು, ಬಯಸುವ ಮೀನು ತಳದ್ದೋ ಮೇಲ್ನೀರಿನದೋ, ಒಡಲು ಯಾವುದರದು, ತಳದ ಇಳಿಜಾರು ಎಷ್ಟು, ಯಂತ್ರದ ಶಕ್ತಿಯು ಟ್ರಾನ್ಸ್‌ಡ್ಯೂಸರಿನ ಮಿತಿಯೊಳಗಿದೆಯೇ — ಈ ಐದು ಪ್ರಶ್ನೆಗಳಿಗೆ ಉತ್ತರ ಪಡೆಯದೆ ವರ್ತಕನು ಸರಕನ್ನು ಸೂಚಿಸಬಾರದು. ಮಾಲೀಕನೂ ಹಣ ನೀಡಬಾರದು. ದೋಣಿಯನ್ನು ದಡಕ್ಕೇರಿಸದೆ ತಳವನ್ನು ಕೊರೆಯುವಂತಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕಾ ನಿಷೇಧದ ಅವಧಿಯು ಇದಕ್ಕೆ ಸೂಕ್ತ ಕಾಲ. ಆ ವೇಳೆಗೆ ಆಯ್ಕೆ ಮುಗಿದಿದ್ದರೆ ದೋಣಿಯು ಹಂಗಾಮಿನ ಮೊದಲ ದಿನವೇ ಸಜ್ಜಾಗಿ ಹೊರಡುವುದು. ತಪ್ಪಾದ ಆಯ್ಕೆಯನ್ನು ತಿದ್ದಲು ಹಂಗಾಮಿನ ನಡುವೆ ದುಡಿಯುವ ದಿನಗಳನ್ನೇ ತೆರಬೇಕಾದೀತು.